ಮೇಲಿನ ಗುಂಡಿ, ಕೆಳಗಿನ ಬಾವಿ

ಜಲ್ಲಿಮಣ್ಣು ತೆಗೆದು ತೆಗೆದು ಬೋಳಾದ ಗುಂಡಿಗಳ ದಂಡೆ ಕುಸಿಯದ ಹಾಗೆ, ಅಲ್ಲಿ ಮತ್ತೆ ಹುಲ್ಲು, ಗಿಡ ಬರುವ ಹಾಗೆ ಯೋಜನೆ ಮಾಡಿಕೊಡುವುದು ನನ್ನ ಕಸುಬು. ಕಚೇರಿ ದರ್ಬೆ ಪೇಟೆಯಲ್ಲಿ. ಈ ಕಸುಬಿನಲ್ಲಿ ತಮಾಷೆಗೆ ಬರಗಾಲವಿಲ್ಲ. ಕೇಳುವವರಿಗೆ ತಮಾಷೆ, ನನಗೆ ತಲೆಬಿಸಿ. ಬೆಟ್ಟಂಪಾಡಿ ಕಡೆಯ ಒಂದೇ ಒಂದು ಗುಂಡಿಯ ಕತೆ ಹೇಳಿದರೆ ಸಾಕು. ಮಳೆ ಬಂದಾಗಲೆಲ್ಲ ಅಲ್ಲಿನ ಕೆಂಪು ನೀರು ನೇರ ಕೆಳಗಿನ ಮನೆಯ ಬಾವಿಗೆ ಇಳಿಯುತ್ತಿತ್ತು. ಆ ಮನೆಯವರಿಗೆ ಕುಡಿಯಲು ಬೇರೆ ನೀರಿಲ್ಲ. ಯಜಮಾನರು ದೂರು ಕೊಟ್ಟರು, ಗುಂಡಿಯ ಧಣಿ ನನ್ನನ್ನು ಕರೆಸಿದರು.

ಬಿಸಿಲಿನಲ್ಲಿ ತನಿಖೆ

ದೂರು ಪರಿಶೀಲಿಸಲು ಅಧಿಕಾರಿ ಬಂದದ್ದು ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ. ಬೂಟುಗಾಲಿನಿಂದ ನೆಲ ಒದ್ದು ನೋಡಿ, "ಗಟ್ಟಿ ಉಂಟಲ್ಲ ಮಾರಾಯ್ರೆ. ಕೊಚ್ಚಿಹೋಗುದು ಎಂತ?" ಎಂದರು.

"ಮಳೆಗಾಲದಲ್ಲಿ ಬಂದು ನೋಡಬೇಕು ಸಾರ್."

ಪುಣ್ಯಕ್ಕೆ ಜುಲೈಯಲ್ಲಿ ಹೊರಟರು. ಅರ್ಧ ದಾರಿಯಿಂದ ಫೋನ್ ಬಂತು. "ನಿಮ್ಮ ಗುಂಡಿಯ ಮಣ್ಣು ಬಂದು ರಸ್ತೆ ಮುಚ್ಚಿದೆ. ಜೀಪು ಹೋಗುದಿಲ್ಲ."

"ನೀವು ನೋಡಬೇಕಾದದ್ದು ಅದನ್ನೇ ಸಾರ್."

"ಸ್ಥಳಕ್ಕೆ ಹೋಗದೆ ಕೊಚ್ಚಿಹೋಗಿದೆ ಅಂತ ನಾನು ಬರೆಯುದು ಹೇಗೆ? ರಸ್ತೆ ಸರಿಯಾಗ್ಲಿ, ಏಪ್ರಿಲಲ್ಲಿ ಬರ್ತೇನೆ."

ಪುಣ್ಯಾತ್ಮ

ಇವರನ್ನು ನಂಬಿ ಕೂತರೆ ಆಗಲಿಕ್ಕಿಲ್ಲ ಎಂದು ಇಳಿಜಾರಿನುದ್ದಕ್ಕೂ ಲಾವಂಚ ನೆಡಿಸಿದೆ. ಅದರ ಬೇರು ಆಳಕ್ಕೆ ಇಳಿದು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಮುಂದಿನ ಬೇಸಿಗೆಯಲ್ಲಿ ಹೋಗಿ ನೋಡಿದರೆ ಬುಡಸಮೇತ ಮಾಯ, ಸಾಲು ಸಾಲು ಹೊಂಡ. ಕಾಡುಹಂದಿಗಳಿಗೆ ಬಾಯಿಗೆ ಬಂದಂತೆ ಬೈಯುತ್ತಾ ಕೆಳಗಿನ ಮನೆಗೆ ಇಳಿದೆ. ಮನೆಯಾಕೆ ಬೆಲ್ಲ, ನೀರು ತಂದಿಟ್ಟರು. ನೀರು ಘಮಘಮ ಎನ್ನುತ್ತಿತ್ತು.

"ಎಂತ ಅಕ್ಕ ಈ ಪರಿಮಳ?"

"ಲಾವಂಚದ ಬೇರು. ಬಾವಿ ನೀರಿಗೆ ಮಣ್ಣಿನ ವಾಸನೆ ಅಲ್ವಾ, ಅದಕ್ಕೆ ಹಾಕುದು. ಮೇಲೆ ಗುಂಡಿಯ ಬದಿಯಲ್ಲಿ ಯಾರೋ ಪುಣ್ಯಾತ್ಮರು ನೆಟ್ಟಿದ್ದಾರೆ. ಸುತ್ತಿನ ಮನೆಗಳಿಗೆಲ್ಲ ಆಯ್ತು."

ಪುಣ್ಯಾತ್ಮ ಲೋಟ ಎತ್ತಿ ನೀರು ಕುಡಿದ. ನೀರು ತಂಪಾಗಿತ್ತು, ಹೊಟ್ಟೆ ಉರಿಯುತ್ತಿತ್ತು.

ಬರೀ ಮಣ್ಣು

ಉಳಿದದ್ದು ಒಂದೇ ದಾರಿ. ಗುಂಡಿ ತೋಡುವಾಗ ಮೊದಲು ಸಿಗುವ ಕಪ್ಪು ಮೇಲ್ಮಣ್ಣನ್ನು ಬದಿಗೆ ರಾಶಿ ಹಾಕಿಟ್ಟಿರಬೇಕು. ಕೊನೆಗೆ ಅದನ್ನೇ ಮತ್ತೆ ಹರಡಿದರೆ ಮಾತ್ರ ಹುಲ್ಲು ಬರುತ್ತದೆ, ಹುಲ್ಲು ಬಂದರೆ ಮಾತ್ರ ಬಾವಿ ಉಳಿಯುತ್ತದೆ. ಇಲ್ಲಿ ಅಂಥ ರಾಶಿ ಇತ್ತು, ಅದಕ್ಕೆ ನಾನೇ ಟಾರ್ಪಾಲು ಹೊದೆಸಿ, ಯಾರೂ ಮುಟ್ಟಬಾರದು ಎಂದು ಧಣಿಗೆ ಹೇಳಿ ಬಂದಿದ್ದೆ. ಮಳೆಗೆ ಮುಂಚೆ ಹರಡಿಸೋಣ ಎಂದು ಹೋದರೆ ಟಾರ್ಪಾಲು ಮಾತ್ರ ಇತ್ತು, ಚೆಂದಕ್ಕೆ ಮಡಚಿಟ್ಟು.

"ಮಣ್ಣೆಲ್ಲಿ?"

"ಯಾರೋ ತೋಟಕ್ಕೆ ಬೇಕು ಅಂದ್ರು, ಕೊಟ್ಟೆ. ಬರೀ ಮಣ್ಣಲ್ವಾ ಸಾರ್?" ಎಂದರು ಧಣಿ.

ಬೋಳು ಇಳಿಜಾರಿನ ಮೇಲೆ ಮೊದಲ ಮಳೆ ಹೊಯ್ಯಿತು. ಮರುದಿನ ಕೆಳಗಿನ ಮನೆಯ ಯಜಮಾನರ ಫೋನ್. "ಬಾವಿ ಪುನಃ ಕೆಂಪಾಯ್ತು. ಎಂತದು ಮಾರಾಯ್ರೆ ನಿಮ್ಮ ಪ್ಲಾನು?"

ಓಡಿದೆ. ಬಾವಿಯಲ್ಲಿ ಚಹಾದ ಹಾಗಿನ ನೀರು. ಮನೆಯಾಕೆ ಕೊಡದ ಬಾಯಿಗೆ ಬಟ್ಟೆ ಕಟ್ಟಿ ಅದನ್ನೇ ಸೋಸುತ್ತಿದ್ದರು. ನನಗೆ ಸಂಕಟವಾಯಿತು.

"ನಾನೇನು ಮಾಡಲಿ ಯಜಮಾನ್ರೆ? ಗುಂಡಿಗೆ ಹಾಕಲಿಕ್ಕೆ ಅಂತ ಇಟ್ಟ ಕಪ್ಪು ಮಣ್ಣನ್ನು ಯಾರೋ ತಮ್ಮ ತೋಟಕ್ಕೆ ಹೊಡೆಸಿಕೊಂಡಿದ್ದಾರೆ. ಅಂಥವರಿಗೆ ನಾಚಿಕೆ ಬೇಡ್ವಾ?"

ಯಜಮಾನರ ಹಿಂದೆ ತೋಟದ ಕಡೆ ನನ್ನ ಕಣ್ಣು ಹೋಯಿತು. ಒಂದೊಂದು ಅಡಿಕೆ ಮರದ ಬುಡಕ್ಕೂ ದಪ್ಪಗೆ ಹೊಸ ಕಪ್ಪು ಮಣ್ಣು ಬಿದ್ದಿತ್ತು.

ಯಜಮಾನರು ನನ್ನ ನೋಟಕ್ಕೆ ಅಡ್ಡ ಬಂದು ನಿಂತರು.

"ನೋಡಿ ಇವರೇ, ಮೇಲೆ ಹಾಕ್ಲಿಕ್ಕೆ ಬೇರೆ ಎಲ್ಲಿಂದಾದರೂ ತರಿಸಿ. ಇದನ್ನು ಮಾತ್ರ ಕೇಳ್ಬೇಡಿ. ಇಷ್ಟು ಒಳ್ಳೆ ಮಣ್ಣು ಈಗ ಎಲ್ಲಿಯೂ ಸಿಗುದಿಲ್ಲ."