ಅತ್ತೆ ಮುಗಿಸದ ರಷ್ಯಾ

ರಷ್ಯಾವನ್ನು ಅರ್ಧಕ್ಕೇ ಬಿಟ್ಟು ವಾಪಸು ಬಂದವರು ಇಬ್ಬರು. ಒಬ್ಬ ನೆಪೋಲಿಯನ್, ಇನ್ನೊಬ್ಬರು ನನ್ನ ಸೋದರತ್ತೆ. ನೆಪೋಲಿಯನ್ ಪಾಪ, ಒಂದೇ ಸಲಕ್ಕೆ ಬುದ್ಧಿ ಕಲಿತ. ನಮ್ಮ ಅತ್ತೆ ಮೂವತ್ತು ವರ್ಷ, ಪ್ರತಿ ವರ್ಷವೂ ದಂಡೆತ್ತಿ ಹೋಗಿ ಪ್ರತಿ ವರ್ಷವೂ ಸೋತು ಬಂದರು!

ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಂಡು ಕಿವಿ ನೆಟ್ಟಗೆ ಮಾಡಬೇಡಿ. ಇವರು ನನ್ನ ಅಪ್ಪನ ಅಕ್ಕ. ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರ ಪಠ್ಯಪುಸ್ತಕದಲ್ಲಿ ರಷ್ಯಾ ಕಟ್ಟಕಡೆಯ ಪಾಠ. ಕಟ್ಟಕಡೆಯ ಪಾಠದ ಹಣೆಬರಹ ನಿಮಗೆ ಗೊತ್ತೇ ಇದೆಯಲ್ಲ? ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ, ಪೋರ್ಶನ್ ಮುಗಿದಿರುವುದಿಲ್ಲ. "ಇದನ್ನ ಮನಿಯಾಗ ಓದಿಕೋರಿ" ಎಂದು ಪುಸ್ತಕ ಮುಚ್ಚಿಬಿಡುವುದು. ಮನೆಯಲ್ಲಿ ಓದುವವರು ಯಾರು? ಒಂದು ವರ್ಷವಂತೂ ಅತ್ತೆ ಆ ಪಾಠದ ಹತ್ತಿರ ಬರುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಒಡೆದು ಚೂರಾಗಿತ್ತು!

ಇಂಥ ಅತ್ತೆ ಎರಡು ಸಾವಿರದ ನಾಲ್ಕೈದರ ಸುಮಾರಿಗೆ ಸಿಡ್ನಿಗೆ, ಪೆಂಡಲ್ ಹಿಲ್‌ನ ನಮ್ಮ ಬಾಡಿಗೆ ಮನೆಗೆ ಬಂದರು. ಬಗಲಲ್ಲಿ ಉದ್ದನೆಯ ಸುರುಳಿ. ಶಾಲೆಯವರು ಎಸೆಯಲು ಇಟ್ಟಿದ್ದ ಸೋವಿಯತ್ ಒಕ್ಕೂಟದ ಗೋಡೆ ನಕಾಶೆ ಅದು. ಒಡೆದುಹೋದ ದೇಶಗಳ ಗಡಿಗಳನ್ನು ಅತ್ತೆಯೇ ಸ್ಕೆಚ್ ಪೆನ್ನಿನಿಂದ ಎಳೆದಿದ್ದರು. ವಿಮಾನ ನಿಲ್ದಾಣದ ಅಧಿಕಾರಿ "ಎನಿಥಿಂಗ್ ಟು ಡಿಕ್ಲೇರ್?" ಎಂದು ಕೇಳಿದನಂತೆ. ಅತ್ತೆ ಗಂಭೀರವಾಗಿ "ರಶಿಯಾ" ಎಂದರಂತೆ! ಚೀಲದೊಳಗಿದ್ದ ಶೇಂಗಾ ಚಟ್ನಿಪುಡಿಯ ಬಗ್ಗೆ ಆಮೇಲೆ ಅವನು ಏನನ್ನೂ ಕೇಳಲಿಲ್ಲ.

ಬಂದ ಮೊದಲ ಶನಿವಾರವೇ ನನ್ನ ಮಗಳು ಅದಿತಿ, ಮಗ ನಿಖಿಲ್ ಇಬ್ಬರನ್ನೂ ಹಿಡಿದು ಕೂರಿಸಿ ನಕಾಶೆ ತೂಗುಹಾಕಿದರು. ನಾನು ಮೆಲ್ಲಗೆ ಕೇಳಿದೆ:

"ಅತ್ತಿ, ಹುಡುಗರಿಗೆ ಅ ಆ ಇ ಈ ಕಲಸ್ರಿ ಅಂದ್ರ ಇದೇನ್ರಿ ರಶಿಯಾ?"

"ಅ ಆ ಇ ಈ ಯಾರರ ಕಲಸ್ತಾರ. ಇದನ್ನ ನಾನೇ ಮುಗಸಬೇಕು. ಒಂದ ಸಲ, ಒಂದ ಕ್ಲಾಸಿಗೆ ಆದ್ರೂ ಮಾಸ್ಕೋದಿಂದ ವ್ಲಾಡಿವೊಸ್ಟಾಕ್ ತನಕಾ ಪೂರಾ ಪಾಠ ಹೇಳಬೇಕು ನೋಡು. ಇಲ್ಲಂದ್ರ ನನ್ನ ಜೀವಕ್ಕ ಸಮಾಧಾನ ಇಲ್ಲ."

"ಉಳಿದ ಟೀಚರೆಲ್ಲ ಜನವರಿಯೊಳಗ ಮುಗಸತಿದ್ರಲ್ರಿ?"

"ಅವರಿಗೆ ಹೊತ್ತು ಸಾಲತಿತ್ತು, ನನಗ ಸಾಲಲಿಲ್ಲ" ಎಂದು ಅತ್ತೆ ಮಾತು ಮುಗಿಸಿದರು. ಮಾತಿನ ಮಲ್ಲಿಯಾದ ಅತ್ತೆಗೆ ಹೊತ್ತು ಹೇಗೆ ತಾನೇ ಸಾಲೀತು ಎಂದು ನಾನೂ ನನ್ನ ಗಂಡನೂ ಕಣ್ಣಲ್ಲೇ ಮಾತಾಡಿಕೊಂಡೆವು.

ರೈಲಿನ ಪಾಠ ನಡೆದದ್ದು ಹಿತ್ತಲಲ್ಲಿ. ಈ ದೇಶದ ಹಿತ್ತಲುಗಳಲ್ಲಿ ಕೊಡೆಯಂತೆ ಬಿಚ್ಚಿಕೊಂಡು ಗರಗರ ತಿರುಗುವ ಬಟ್ಟೆ ಒಣಹಾಕುವ ಕಂಬ ಇರುತ್ತದಲ್ಲ, ಅದರ ತಂತಿಯೇ ಸೈಬೀರಿಯಾದ ರೈಲು ಹಳಿ. ನನ್ನ ಕರವಸ್ತ್ರ ಮಾಸ್ಕೋ, ಮಕ್ಕಳ ಕಾಲುಚೀಲಗಳು ಸ್ಟೇಷನ್ನುಗಳು. ಸೈಬೀರಿಯಾ ಬಹಳ ದೊಡ್ಡದಾದ್ದರಿಂದ ಅದಕ್ಕೆ ನನ್ನ ಗಂಡನ ಲುಂಗಿ! ಓಮ್ಸ್ಕ್ ದಾಟಿ ಪಾಠ ಜೋರಾಗಿ ಸಾಗುತ್ತಿದ್ದಾಗ ಗಾಳಿ ಬೀಸಿತು. ಕಂಬ ತಿರುಗಿತು. ವ್ಲಾಡಿವೊಸ್ಟಾಕ್ ಬಂದು ಮಾಸ್ಕೋದ ಪಕ್ಕ ನಿಂತಿತು, ಲುಂಗಿ ಬೇಲಿ ಹಾರಿ ಪಕ್ಕದ ಮನೆಗೆ ಹೋಯಿತು.

"ಅಜ್ಜಿ, ಸೈಬೀರಿಯಾ ಈಸ್ ಗಾನ್!" ಎಂದು ನಿಖಿಲ್ ಕುಣಿದಾಡಿದ. ಅವತ್ತಿನ ಪಾಠ ಅಲ್ಲಿಗೇ ನಿಂತಿತು.

ಇತಿಹಾಸದ ಕಥೆಯೂ ಅಷ್ಟೆ. ಮಹಾ ಪೀಟರ್ ದೊರೆ ಗಡ್ಡ ಬಿಟ್ಟವರ ಮೇಲೆ ತೆರಿಗೆ ಹಾಕಿದ್ದನ್ನು ಅತ್ತೆ ಸೊಗಸಾಗಿ ವರ್ಣಿಸಿದರು. ಮರುದಿನ ಬೆಳಿಗ್ಗೆ ನಿಖಿಲ್ ಬಚ್ಚಲಮನೆಯ ಬಾಗಿಲಲ್ಲಿ ಕೈಯೊಡ್ಡಿ ನಿಂತಿದ್ದ. ಬೆಂಗಳೂರಿನವರಾದ ನನ್ನ ಗಂಡ ಗಡ್ಡ ನೀವಿಕೊಳ್ಳುತ್ತಾ, "ಮಾರ್ಟ್‌ಗೇಜ್ ತಗೊಳ್ಳೋಕೆ ಮುಂಚೆನೇ ಟ್ಯಾಕ್ಸಾ? ನಿಮ್ಮತ್ತೆ ವೀಸಾ ಯಾವಾಗ ಮುಗಿಯತ್ತೆ?" ಎಂದರು. ವಾರದೊಳಗೆ ಗಡ್ಡ ಹೋಯಿತು. ನನಗೆ ಮದುವೆಯಾದಾಗಿನಿಂದ ಆಗದ ಕೆಲಸವನ್ನು ಪೀಟರ್ ದೊರೆ ಮಾಡಿಕೊಟ್ಟ!

ಇನ್ನೊಂದು ಶನಿವಾರ ಅಲಾಸ್ಕಾ. ಝಾರ್ ದೊರೆ ಅದನ್ನು ಅಮೆರಿಕಕ್ಕೆ ಮಾರಿಬಿಟ್ಟ, ಆಮೇಲೆ ಅಲ್ಲಿ ಚಿನ್ನ ಸಿಕ್ಕಿತು ಎಂದು ಅತ್ತೆ ಹೊಟ್ಟೆ ಉರಿದುಕೊಂಡು ಹೇಳುತ್ತಿದ್ದರು. ಅದಿತಿ ಕೈಯೆತ್ತಿ ಕೇಳಿದಳು: "ಅಜ್ಜಿ, ಡಿಡ್ ಹಿ ಕೀಪ್ ದ ರಿಸೀಟ್?" ರಸೀದಿ ಇದ್ದರೆ ಇಲ್ಲಿನ ಅಂಗಡಿಗಳಲ್ಲಿ ಮಾಲು ವಾಪಸು ಮಾಡಬಹುದು ಎಂದು ಅತ್ತೆಗೆ ನಾನು ವಿವರಿಸಬೇಕಾಯಿತು. ಅತ್ತೆ ಅದಿತಿಯ ತಲೆ ಸವರಿ, "ಹುಡುಗಿ ಶಾಣ್ಯಾ ಅದಾಳ. ಆ ಝಾರ್‌ನ ಹಂತ್ಯಾಕ ಇಂಥಾಕಿ ಒಬ್ಬಾಕಿ ಇರಬೇಕಾಗಿತ್ತು" ಎಂದರು. ಅಷ್ಟರಲ್ಲಿ ಈಜು ಕ್ಲಾಸಿನ ಹೊತ್ತಾಗಿತ್ತು, ಮಕ್ಕಳು ಓಡಿದರು.

ಹೀಗೆ ಈಜು, ಕ್ರಿಕೆಟ್ಟು, ಯಾರದೋ ಬರ್ತ್‌ಡೇ ಪಾರ್ಟಿ ಎಂದು ರಷ್ಯಾ ಹಿಂದೆ ಬೀಳುತ್ತಲೇ ಹೋಯಿತು. ಅತ್ತೆ ಊರಿಗೆ ಹೊರಡುವ ದಿನ ಮಾತ್ರ ಮುಂದೆ ಮುಂದೆ ಬರುತ್ತಿತ್ತು. ನಕಾಶೆ ಸುತ್ತಿಡುವಾಗ ಅವರ ಮುಖ ಸಣ್ಣದಾಗುತ್ತಿದ್ದುದನ್ನು ನಾನೂ ಕಂಡಿದ್ದೆ.

ಆಗ ಬಂತು ಮೆಲ್ಬರ್ನ್‌ನಿಂದ ಫೋನು. ಅತ್ತೆಯ ಹಳೆಯ ವಿದ್ಯಾರ್ಥಿನಿ ಶೋಭಾ ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಧಾರವಾಡದ ಹುಡುಗಿಯರು ಟೀಚರನ್ನು ಕರೆಯುವುದು ಅಕ್ಕೋರು ಎಂದೇ. "ಅಕ್ಕೋರ, ನಮ್ಮನಿಗೆ ಬರದನ ಹೋದ್ರ ನಾನು ಮಾತಾಡಸೂದಿಲ್ಲ ನೋಡ್ರಿ" ಎಂದಳಂತೆ. ಕಾರಿನಲ್ಲಿ ಹೊರಟೆವು. ಅತ್ತೆಯ ಸಂಭ್ರಮ ಹೇಳತೀರದು. ಇಡೀ ದಿನ ಸೀಟ್‌ಬೆಲ್ಟಿನಲ್ಲಿ ಕಟ್ಟಿಹಾಕಿದ ವಿದ್ಯಾರ್ಥಿಗಳು ಯಾವ ಟೀಚರಿಗೆ ಸಿಕ್ಕಾರು ಹೇಳಿ! ದಾರಿಯ ಗೋಲ್ಬರ್ನ್ ಊರು ಬರುವಷ್ಟರಲ್ಲಿ ಉರಲ್ ಪರ್ವತ ಹತ್ತಿಳಿದಾಗಿತ್ತು. ಗಂಡಗೈ ಹೊತ್ತಿಗೆ ಓಬ್ ನದಿ ದಾಟಿದ್ದೆವು.

"ಅತ್ತೆ, ಸುಸ್ತಾಯ್ತಾ? ತುಂಬಾ ದೂರ ಅಲ್ವಾ?" ಎಂದರು ನನ್ನ ಗಂಡ.

"ಇದ್ಯಾತರ ದೂರ? ರಶಿಯಾದಾಗ ಇಷ್ಟ ಹೋದ್ರ ಪಕ್ಕದೂರಿಗೆ ಹೋದಂಗ!"

ಹಿಂದಿನಿಂದ ಗೊರಕೆ ಕೇಳಿಸಿತು. ಆಲ್ಬರಿ ಬರುವ ಮುನ್ನವೇ ಇಡೀ ತರಗತಿ ನಿದ್ದೆ ಹೋಗಿತ್ತು.

ಮೆಲ್ಬರ್ನ್ ಅಂಚಿನ ಕ್ರೇಗಿಬರ್ನ್‌ನ ಮನೆಯಲ್ಲಿ ಶೋಭಾ ನಮ್ಮ ಅತ್ತೆಯ ಕಾಲಿಗೆ ಬಿದ್ದು ಏಳಲೇ ಇಲ್ಲ. ಮರುದಿನ ಊಟವಾದ ಮೇಲೆ ಅವಳೇ ಟಿವಿಯ ಮೇಲೆ ಅತ್ತೆ ತಂದಿದ್ದ ನಕಾಶೆ ತೂಗುಹಾಕಿ, "ಅಕ್ಕೋರ, ರಶಿಯಾ ಪಾಠ ಬಾಕಿ ಇಟ್ಟೀರಿ. ಇವತ್ತ ಹೇಳ್ರಿ" ಎಂದಳು. ನನ್ನ ಮಕ್ಕಳು, ಎಂಟು ವರ್ಷದ ಅವಳ ಮಗ ರೋಹನ್, ಜೊತೆಗೆ ಅವಳೂ ಕಾರ್ಪೆಟ್ಟಿನ ಮೇಲೆ ಕೂತರು.

ಅಬ್ಬಾ, ಅವತ್ತಿನ ಪಾಠ! ಉರಲ್ ದಾಟಿತು, ಓಮ್ಸ್ಕ್ ದಾಟಿತು, ಯೆನಿಸೇ ನದಿ ದಾಟಿತು. ಬೈಕಲ್ ಸರೋವರದ ಆಳ ಹೇಳುವಾಗ ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಖಬರೋವ್ಸ್ಕ್ ಬಂತು! ಇನ್ನುಳಿದದ್ದು ವ್ಲಾಡಿವೊಸ್ಟಾಕ್ ಒಂದೇ. ಅತ್ತೆಯ ಕೈಯ ಕೋಲು ನಕಾಶೆಯ ತುದಿಯತ್ತ ಸರಿಯುತ್ತಿತ್ತು. ನಾನು ದೇವರಿಗೆ ಹರಕೆ ಹೊರುವುದೊಂದು ಬಾಕಿ.

ಆಗ ರೋಹನ್ ಸಣ್ಣ ದನಿಯಲ್ಲಿ ಕೇಳಿದ: "ಅಜ್ಜಿ, ಮಾಸ್ಕೋದಲ್ಲಿ ಲಂಚ್ ಟೈಮ್ ಆದಾಗ ಖಬರೋವ್ಸ್ಕ್‌ನಲ್ಲಿ ಬೆಡ್ ಟೈಮ್ ಅಂದ್ರಲ್ಲ, ಹೌ? ಸೇಮ್ ಕಂಟ್ರಿ ಅಲ್ವಾ? ಐ ಡೋಂಟ್ ಗೆಟ್ ಇಟ್."

"ಅಜ್ಜಿ, ಜಸ್ಟ್ ಫಿನಿಶ್ ಇಟ್!" ಎಂದು ನಿಖಿಲ್ ಚೀರಿದ.

ಅತ್ತೆ ಒಮ್ಮೆ ನಕಾಶೆಯ ತುದಿಯನ್ನು ನೋಡಿದರು. ಒಮ್ಮೆ ರೋಹನ್‌ನ ಮುಖ ನೋಡಿದರು. ಕೋಲು ಕೆಳಗಿಟ್ಟು, ಹಣ್ಣಿನ ಬುಟ್ಟಿಯಿಂದ ಒಂದು ಕಿತ್ತಳೆ ಎತ್ತಿಕೊಂಡು ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. "ಇದು ಭೂಮಿ ಅಂತ ತಿಳಕೋ. ದೀಪ ಹಚ್ಚವಾ ಶೋಭಾ, ಸೂರ್ಯ ಬೇಕು."

ನನಗೆ ತಡೆಯಲಾಗಲಿಲ್ಲ. ದೀಪ ಹಚ್ಚಿ ಬಂದ ಶೋಭಾಳ ಕಿವಿಯಲ್ಲಿ ಪಿಸುಗುಟ್ಟಿದೆ: "ಒಂದ ಊರು ಉಳದಿತ್ತು! ನಾಡಿದ್ದು ಊರಿಗೆ ಹೊಂಟಾರ. ಹಿಂಗ ಮಾಡೇ ಇವರ ಪೋರ್ಶನ್ ಮುಗೀಲಿಲ್ಲ ನೋಡು."

ಶೋಭಾ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. "ಎಂಟನೇ ಕ್ಲಾಸಿನ್ಯಾಗ ಇದ ನನಗ ತಿಳೀತಿದ್ದಿಲ್ರಿ. ಅಕ್ಷಾಂಶ, ರೇಖಾಂಶ ಅಂದ್ರ ಅಳು ಬರತಿತ್ತು. ನಮ್ಮಪ್ಪ ಫೇಲಾದ್ರ ಸಾಲಿ ಬಿಡಸ್ತೀನಿ ಅಂದಿದ್ದ. ನನಗ ತಿಳಿಯೂತನಕಾ ಅಕ್ಕೋರು ಇಡೀ ಕ್ಲಾಸು ನಿಲ್ಲಿಸಿದ್ರು. ಹೆಡ್ ಅಕ್ಕೋರು ಎಲ್ಲಾರ ಮುಂದ ಇವರನ್ನ ಬೈದ್ರು. ಆ ವರ್ಷ ರಶಿಯಾ ಉಳದದ್ದು ನನ್ನ ಸಲುವಾಗಿ. ಪ್ರತಿ ವರ್ಷ ನನ್ನಂಥಾಕಿ ಒಬ್ಬಾಕಿ ಇರತಿದ್ಲು, ನಿಮ್ಮತ್ತಿಗೆ ಹೊತ್ತು ಎಲ್ಲಿ ಸಾಲಬೇಕ್ರಿ?"

ಇಷ್ಟು ವರ್ಷ ನಾವೆಲ್ಲ ಸೇರಿ ನಕ್ಕಿದ್ದೇ ನಕ್ಕಿದ್ದು. ಒಬ್ಬರೂ ಕಾರಣ ಕೇಳಿರಲಿಲ್ಲ, ಅತ್ತೆಯೂ ಹೇಳಿರಲಿಲ್ಲ.

ದೀಪದ ಬೆಳಕಿನಲ್ಲಿ ಕಿತ್ತಳೆ ಮೆಲ್ಲಗೆ ತಿರುಗುತ್ತಿತ್ತು. ರೋಹನ್ ಹುಬ್ಬು ಗಂಟಿಕ್ಕಿ ನೋಡಿ, ತಲೆಯಾಡಿಸಿ "ಇಲ್ಲ" ಎಂದ.

"ತಿಳೀಲಿಲ್ಲಾ? ಖರೇ ಹೇಳಿದಿ, ಛಲೋ ಆತು. ಮತ್ತ ಮೊದಲಿಂದ ನೋಡೋಣು" ಎಂದರು ಅತ್ತೆ.

"ಅಕ್ಕೋರ, ಈ ಸಲಾನೂ ರಶಿಯಾ ಉಳೀತಲ್ರಿ?" ಎಂದಳು ಶೋಭಾ, ಕಣ್ಣೊರೆಸಿಕೊಳ್ಳುತ್ತಾ.

ಅತ್ತೆ ತಿರುಗಿಯೂ ನೋಡಲಿಲ್ಲ. "ಉಳೀಲಿ ಬಿಡವಾ, ಅದೇನು ಓಡಿ ಹೋಗೂದಿಲ್ಲ. ಹುಡುಗ ಹಿಂದ ಉಳೀಬಾರದು" ಎಂದು ಕಿತ್ತಳೆಯನ್ನು ಮತ್ತೆ ದೀಪದ ಕಡೆಗೆ ಹಿಡಿದರು.

ನಾನು ಸದ್ದಿಲ್ಲದೆ ಹೋಗಿ ಮಕ್ಕಳ ಹಿಂದೆ ಕೂತುಕೊಂಡೆ.