ಮೈತುಂಬ ಕೂದಲಿದ್ದರೆ ಸಾಕು

ಎದೆಯ ಮೇಲೆ ಎರಡು ತೂತುಗಳಿರುವ ಮೂರು ಸಾವಿರದ ಇನ್ನೂರು ಉಣ್ಣೆ ಅಂಗಿಗಳನ್ನು ಒಂದೇ ಚಳಿಗಾಲದಲ್ಲಿ ಮಾರಿ ಮುಗಿಸಬೇಕು, ಇಲ್ಲವಾದರೆ ಅಂಗಡಿಗೆ ಬೀಗ ಜಡಿಯಬೇಕು. ಉಣ್ಣೆ ಸಾಹುಕಾರರ ಮುಂದೆ ಇದ್ದ ವ್ಯವಹಾರ ಇಷ್ಟೇ.

ಅಂಗಿಗಳು ಹುಟ್ಟಿದ್ದು ಶಾಲೆಯ ಮಕ್ಕಳಿಗಾಗಿ. ಕಟಿಂಗ್ ಮಾಸ್ತರರು ನಮೂನೆಯ ಕಾಗದವನ್ನು ಅಡ್ಡ ಮಡಿಸುವ ಬದಲು ಉದ್ದಕ್ಕೆ ಮಡಿಸಿ ಕತ್ತರಿ ಆಡಿಸಿಬಿಟ್ಟರು. ತೋಳು ತೂರಬೇಕಾದ ತೂತುಗಳು ಬಗಲಿನ ಜಾಗ ಬಿಟ್ಟು ಎದೆಯ ಮೇಲೆ, ಜಗಳವಾಡದ ಅಣ್ಣತಮ್ಮಂದಿರ ಹಾಗೆ, ಅಕ್ಕಪಕ್ಕ ಬಂದು ಕೂತವು. ಎದೆಯಲ್ಲಿ ಜಾಗ ಉಳಿಯಲಿಲ್ಲವಾದ್ದರಿಂದ ಶಾಲೆಯ ಧ್ಯೇಯವಾಕ್ಯವಾದ 'ಶಿಸ್ತೇ ಬದುಕು' ಎಂಬುದನ್ನು ಬೆನ್ನಿಗೆ ಹೊಲಿಯಲಾಯಿತು.

ಶಾಲೆಯ ಮುಖ್ಯೋಪಾಧ್ಯಾಯಿನಿ ಮರ್ಯಾದೆಯಾಗಿಯೇ ಉತ್ತರ ಬರೆದರು: "ತಾವು ಕಳಿಸಿದ ಅಂಗಿಗಳು ತಲುಪಿದವು. ನಮ್ಮ ಶಾಲೆಯ ಮಕ್ಕಳಿಗೆ ಕೈಗಳು ಪಕ್ಕದಲ್ಲಿವೆ. ಈ ಸಂಗತಿಯನ್ನು ಮುಂಚಿತವಾಗಿ ತಿಳಿಸಬೇಕೆಂದು ನಮಗೆ ತೋಚದೇ ಹೋದದ್ದಕ್ಕೆ ವಿಷಾದಿಸುತ್ತೇವೆ."

"ಮಕ್ಕಳು ಬೆಳೆಯೋ ವಯಸ್ಸು ಸಾಹುಕಾರ್ರೇ, ಸ್ವಲ್ಪ ದಿನ ಹಾಕ್ಕೊಂಡ್ರೆ ಸರಿಹೋಗುತ್ತೆ," ಎಂದರು ಮಾಸ್ತರರು.

"ಅಂಗಿನಾ, ಮಕ್ಕಳಾ?"

ಮಾಸ್ತರರು ಯೋಚನೆ ಮಾಡಿ, ಎರಡೂ ಆಗಬಹುದು ಎಂದರು.

ಸಾಹುಕಾರರು ಕೂಗಾಡುವ ಜಾತಿಯವರಲ್ಲ. ಕೂಗಾಡಿದರೆ ಗಿರಾಕಿಗೆ ಕೇಳಿಸುತ್ತದೆ, ಗಿರಾಕಿಗೆ ಕೇಳಿಸಿದರೆ ಬೆಲೆ ಇಳಿಯುತ್ತದೆ. ಅವರು ಒಂದು ಅಂಗಿಯನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿ ನೋಡುತ್ತಾ ಕೂತರು. ಹೆಂಡತಿ ಬಂದವರು ಅದನ್ನು ಒರೆಸುವ ಬಟ್ಟೆಯೆಂದು ಎತ್ತಿಕೊಂಡರು, ಅಲ್ಲವೆಂದು ತಿಳಿದು ಕೆಳಗೆ ಹಾಕಿದರು. ಮೇಜಿನ ಕೆಳಗೆ ಮಲಗಿದ್ದ ಮನೆಯ ನಾಯಿ ಅದರೊಳಗೆ ಮೂತಿ ತೂರಿಸಿತು, ಆಮೇಲೆ ಮುಂಗಾಲೆರಡನ್ನೂ ತೂರಿಸಿತು, ಎದ್ದು ನಿಂತಿತು. ಹೇಳಿ ಹೊಲಿಸಿದ ಹಾಗಿತ್ತು.

"ರೀ, ನೋಡಿ ಇಲ್ಲಿ! ನಿಮ್ಮ ಮಾಸ್ತರ್ರು ಅಳತೆ ತಗೊಂಡಿದ್ದು ಇವನದು."

ಈ ನಾಯಿಯ ಹೆಸರು ಕಂಬಳಿ. ಕಣ್ಣು ಯಾವ ಕಡೆ ಇದೆಯೆಂದು ಬಾಲ ನೋಡಿ ಅಂದಾಜು ಮಾಡಬೇಕು, ಅಷ್ಟು ಕೂದಲು. ಅಂಗಿಯೊಳಗೆ ಅದು ಎರಡು ನಿಮಿಷ ನಿಂತಿತು, ನಾಲಿಗೆ ಹೊರಹಾಕಿತು, ಹೋಗಿ ತಣ್ಣನೆಯ ಬಚ್ಚಲಿನಲ್ಲಿ ಮಲಗಿತು. ಸಾಹುಕಾರರು ಇದನ್ನು ಗಮನಿಸಲಿಲ್ಲ. ಅವರ ತಲೆಯಲ್ಲಿ ಊರಿನ ನಾಯಿಗಳು ಸಾಲಾಗಿ ನಿಲ್ಲತೊಡಗಿದ್ದವು.

ಹೆಂಡತಿಯ ತಮ್ಮ ನಗರಸಭೆಯಲ್ಲಿ ಹೆಡ್ ಕ್ಲರ್ಕು. ಅಕ್ಕನ ಮನೆಯಲ್ಲಿ ಉಂಡು ಕೈತೊಳೆದ ಮೇಲೆ ಭಾವನ ಮಾತು ಕೇಳಿದ.

"ನಾಯಿಗಳಿಗೆ ಚಳಿ ಆಗುತ್ತಾ ಇಲ್ವಾ ಅನ್ನೋದು ನಮ್ಮ ವ್ಯಾಪ್ತಿಗೆ ಬರಲ್ಲ ಭಾವ. ಆದ್ರೆ ಚಳಿಯಾಗುತ್ತೆ ಅಂತ ಅರ್ಜಿ ಬಂದ್ರೆ ಬರುತ್ತೆ."

"ಅರ್ಜಿ ಯಾರು ಕೊಡಬೇಕು?"

"ನಾಯಿ ಕೊಟ್ರೆ ಒಳ್ಳೇದು. ಇಲ್ಲಾಂದ್ರೆ ನೀವು ಕೊಡಿ, ನಾಯಿ ಪರವಾಗಿ ಅಂತ ಬರೀರಿ."

ಹೀಗೆ ಕಂಬಳಿಯ ಪರವಾಗಿ ಸಲ್ಲಿಸಲಾದ ಅರ್ಜಿಯ ಮೇಲೆ ಸಮಿತಿ ರಚನೆಯಾಯಿತು. ಅಭಿಪ್ರಾಯ ಹೇಳಲು ಪಶುವೈದ್ಯರನ್ನು ಕರೆಸಿದರು. ಇವರು ನುಣ್ಣನೆಯ ತಲೆಯ, ತೆಳ್ಳನೆಯ ಮನುಷ್ಯ. ನಾಯಿಗಳನ್ನು ಬಿಟ್ಟು ಬೇರೆ ಯಾರ ಜೊತೆಯೂ ಮಾತಾಡಿ ಅಭ್ಯಾಸವಿಲ್ಲದ್ದರಿಂದ ವಿಷಯವನ್ನು ನೇರವಾಗಿ ಹೇಳಿಬಿಟ್ಟರು.

"ಕೂದಲು ಗಿಡ್ಡ ಇದ್ರೆ, ವಯಸ್ಸಾಗಿದ್ರೆ, ಕಾಯಿಲೆ ಇದ್ರೆ, ನಡುಗ್ತಾ ಇದ್ರೆ ಬೆಚ್ಚಗೆ ಏನಾದ್ರೂ ಹೊದಿಸಿ. ಒದ್ದೆಯಾದ್ರೆ ತೆಗೀರಿ. ಬೇರೆ ನಾಯಿಗಳ ತಂಟೆಗೆ ಹೋಗಬೇಡಿ. ಮೈತುಂಬ ಕೂದಲಿದ್ದರೆ ಸಾಕು."

ಮುಖ್ಯಾಧಿಕಾರಿಗಳು ಕನ್ನಡಕ ತೆಗೆದರು. "ಇದರಲ್ಲಿ ದಂಡ ಎಲ್ಲಿದೆ ಡಾಕ್ಟ್ರೇ? ದಂಡ ಇಲ್ಲದ್ದನ್ನ ಜಾರಿ ಮಾಡೋದು ಹೇಗೆ?"

"ಜಾರಿ ಯಾಕೆ ಮಾಡ್ಬೇಕು? ನಾಯಿ ನೋಡಿದ್ರೆ ಗೊತ್ತಾಗುತ್ತೆ."

"ನಾವು ಕಡತ ನೋಡೋರು," ಎಂದರು ಮುಖ್ಯಾಧಿಕಾರಿಗಳು ನೊಂದ ದನಿಯಲ್ಲಿ.

ಹೆಡ್ ಕ್ಲರ್ಕು ಎಲ್ಲವನ್ನೂ ಬರೆದುಕೊಂಡಿದ್ದ. ನಗರಸಭೆಯಲ್ಲಿ ಬಹಳ ಕಾಲದಿಂದ ಒಂದು ತೊಡಕಿತ್ತು: ಸಾಕುನಾಯಿ ಎಂದರೆ ಯಾವುದು ಎಂಬುದಕ್ಕೆ ಅಧಿಕೃತ ವ್ಯಾಖ್ಯೆ ಇರಲಿಲ್ಲ. ಅನ್ನ ಹಾಕುವವರು ಒಬ್ಬರು, ಕಟ್ಟಿಹಾಕುವವರು ಒಬ್ಬರು, ಕಚ್ಚಿಸಿಕೊಳ್ಳುವವರು ಮತ್ತೊಬ್ಬರು. ಈಗ ಸ್ವತಃ ವೈದ್ಯರ ಬಾಯಿಂದ ವ್ಯಾಖ್ಯೆ ಉದುರಿತ್ತು. ಮೈತುಂಬ ಕೂದಲಿದ್ದರೆ ಸಾಕು. ಇಲ್ಲದಿದ್ದರೆ ಸಾಕು ಅಲ್ಲ.

ಮರುವಾರ ಚಾವಡಿಯ ಗೋಡೆಗೆ ಆದೇಶ ಅಂಟಿಸಿದರು:

"ಈ ಮೂಲಕ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ನಗರಸಭಾ ವ್ಯಾಪ್ತಿಯಲ್ಲಿ ವಾಸಿಸುವ ಪ್ರತಿಯೊಂದು ಸಾಕು ಚಳಿಗಾಲದಲ್ಲಿ ಅನುಮೋದಿತ ರಕ್ಷಣಾ ಉಡುಪನ್ನು ಕಡ್ಡಾಯವಾಗಿ ಧರಿಸತಕ್ಕದ್ದು. ವ್ಯಾಖ್ಯೆ: ಮೈತುಂಬ ಕೂದಲಿದ್ದರೆ ಸಾಕು (ವೈದ್ಯಕೀಯ ಅಭಿಪ್ರಾಯದ ಮೇರೆಗೆ). ಅನುಮೋದಿತ ಉಡುಪು ಎಂದರೆ ಎದೆಯ ಮೇಲೆ ಎರಡು ತೂತುಗಳೂ ಬೆನ್ನಿನ ಮೇಲೆ ಒಂದು ಧ್ಯೇಯವಾಕ್ಯವೂ ಉಳ್ಳ ಉಣ್ಣೆಯ ಅಂಗಿ. ತಪ್ಪಿದಲ್ಲಿ ದಂಡ ತೆರತಕ್ಕದ್ದು."

ಇಂಥ ಅಂಗಿ ಊರಿನಲ್ಲಿ ಒಂದೇ ಅಂಗಡಿಯಲ್ಲಿ ಇದ್ದದ್ದು ಕಾಕತಾಳೀಯವೆಂದು ಕಡತದಲ್ಲಿ ಪ್ರತ್ಯೇಕವಾಗಿ ನಮೂದಿಸಲಾಯಿತು.

ಅಂಗಡಿಯ ಮುಂದೆ ಸಾಲು ಬೆಳೆಯಿತು. ಪೊದೆಯಂಥ ನಾಯಿಗಳನ್ನು ಎತ್ತಿಕೊಂಡು, ಎಳೆದುಕೊಂಡು ಜನ ಬಂದರು. ಬೇಕರಿಯವನು ತನ್ನ ಬೆಕ್ಕನ್ನೂ ತಂದ, ಯಾಕೆ ಸುಮ್ಮನೆ ತಕರಾರು ಅಂತ. ಮಾಸ್ತರರು ಬಾಗಿಲಲ್ಲಿ ನಿಂತು, "ನಾನು ಮೊದಲೇ ಯೋಚನೆ ಮಾಡಿ ಕತ್ತರಿಸಿದ್ದು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳತೊಡಗಿದರು. ಸಂಬಳ ಹೆಚ್ಚಿಸಿ ಎಂದು ಸಾಹುಕಾರರನ್ನೂ ಕೇಳಿದರು.

"ಬುದ್ಧಿ ಇದ್ದು ಮಾಡಿದ್ರೆ ಹೆಚ್ಚಿಸ್ತಿದ್ದೆ. ಅದೃಷ್ಟಕ್ಕೆ ಸಂಬಳ ಇಲ್ಲ ಮಾಸ್ತರ್ರೇ."

ಸಾಲಿನ ಕೊನೆಗೆ ಇಸ್ತ್ರಿ ಅಂಗಡಿಯ ಹೆಂಗಸು ನಿಂತಿದ್ದಳು. ಅವಳ ಕೈಯಲ್ಲಿ ಎಲುಬು ಎಣಿಸಬಹುದಾದಂಥ ಒಂದು ಮುದಿ ನಾಯಿ. ಅದರ ಮೈಮೇಲೆ ಇದ್ದ ಕೂದಲನ್ನು ಕೂದಲೆನ್ನುವುದಕ್ಕೆ ಧೈರ್ಯ ಬೇಕು. ನಡುಕಕ್ಕೆ ಅದರ ಹಲ್ಲು ಕಟಕಟ ಎನ್ನುತ್ತಿತ್ತು. ಕೊಂಡ ಪ್ರತಿ ಅಂಗಿಗೂ ಮುದ್ರೆ ಒತ್ತಲು ಕೂತಿದ್ದ ನಗರಸಭೆಯ ಇನ್‌ಸ್ಪೆಕ್ಟರು ತಲೆ ಎತ್ತಿ ನೋಡಿದ.

"ಇದು ಸಾಕಲ್ಲಮ್ಮ."

"ಸಾಕಲ್ಲ ಅಂದ್ರೆ? ಮರಿಯಿಂದ ನಾನೇ ಸಾಕಿದ್ದು ಸ್ವಾಮಿ!"

"ಸಾಕಿರಬಹುದು. ಆದ್ರೆ ಸಾಕು ಅಲ್ಲ."

"ಚಳಿಗೆ ನಡುಗ್ತಾ ಇದೆ, ನೋಡಿ."

"ನಡುಗೋದು ಬೇರೆ ವಿಭಾಗ."

ಸಾಹುಕಾರರು ಗಲ್ಲಾದಿಂದಲೇ ಇದನ್ನು ಕೇಳಿಸಿಕೊಂಡರು. ಹೆಂಗಸು ದುಡ್ಡನ್ನು ಸೆರಗಿನಿಂದ ಬಿಚ್ಚಿ ಹಿಡಿದಿದ್ದಳು. ಕೈಗೆ ಬಂದ ಗಿರಾಕಿಯನ್ನು ವಾಪಸು ಕಳಿಸುವುದು ಅವರ ಪಾಲಿಗೆ ಹಲ್ಲು ಕಿತ್ತಷ್ಟು ನೋವು. ಆದರೆ ಬೋಳು ನಾಯಿಗೆ ಒಂದು ಅಂಗಿ ಕೊಟ್ಟರೆ ವ್ಯಾಖ್ಯೆ ಸಡಿಲವಾಗುತ್ತದೆ, ವ್ಯಾಖ್ಯೆ ಸಡಿಲವಾದರೆ ಪೊದೆ ನಾಯಿಗಳ ಯಜಮಾನರು ಪ್ರಶ್ನೆ ಕೇಳುತ್ತಾರೆ. ಒಂದು ಅಂಗಿ ಮಾರಿ ಸಾವಿರ ಅಂಗಿ ಕಳೆದುಕೊಳ್ಳುವಷ್ಟು ಮೆದು ಮನಸ್ಸು ಅವರದಲ್ಲ.

"ಕೂದಲು ಬಂದ್ಮೇಲೆ ಬಾ ತಾಯಿ," ಎಂದರು.

ಅವಳು ಹಳೆಯ ಗೋಣಿಚೀಲ ಕತ್ತರಿಸಿ ನಾಯಿಗೆ ಕಟ್ಟಿದಳು. ಸಾಕಲ್ಲದ ನಾಯಿ ಸಾಕಿನ ವೇಷ ಹಾಕಿ ನಗರಸಭೆಯನ್ನು ವಂಚಿಸಿದೆ ಎಂದು ದಂಡ ಬಿತ್ತು. ಗೋಣಿಚೀಲವನ್ನು ಸಾಕ್ಷಿಗೆಂದು ಎತ್ತಿಕೊಂಡು ಹೋದರು. ಅವಳು ನಾಯಿಯನ್ನು ಇಸ್ತ್ರಿ ಮೇಜಿನ ಕೆಳಗೆ, ಇದ್ದಿಲ ಡಬ್ಬಿಯ ಪಕ್ಕ ಮಲಗಿಸಿ, ನಗರಸಭೆಯ ಸಿಬ್ಬಂದಿಯ ಕಾಲರುಗಳನ್ನು ಮಾತ್ರ ಸ್ವಲ್ಪ ಸುಡತೊಡಗಿದಳು.

ಇಷ್ಟಾದರೂ ಅರ್ಧ ಮಾಲು ಉಳಿದಿತ್ತು. ಊರಿನ ಕೂದಲುಳ್ಳ ನಾಯಿಗಳೆಲ್ಲ ಮುಗಿದವು, ಚಳಿಗಾಲ ಅರ್ಧಕ್ಕೆ ಬಂದಿತ್ತು. ಸಾಹುಕಾರರಿಗೆ ನಿದ್ದೆ ಹತ್ತಲಿಲ್ಲ. ಅವರನ್ನು ಕಾಪಾಡಿದ್ದು ಪಶುವೈದ್ಯರೇ.

ಅಂಗಿಯೊಳಗಿನ ಸೆಕೆಗೆ ತಲೆತಿರುಗಿ ಬಿದ್ದ ನಾಯಿಗಳಿಗೆ ನೀರು ಚಿಮುಕಿಸಿ ಚಿಮುಕಿಸಿ ಸೋತ ವೈದ್ಯರು ಒಂದು ದಿನ ಸಮಿತಿಯ ಕೋಣೆಗೆ ನುಗ್ಗಿದರು.

"ನಾನು ಏನು ಹೇಳಿದೆ, ನೀವು ಏನು ಮಾಡಿದಿರಿ? ನಾನು ಸಾಕು ಅಂದೆ!"

"ಹೌದಲ್ಲ, ನಾವೂ ಸಾಕು ಅಂತಲೇ ಬರೆದಿದ್ದೀವಿ," ಎಂದ ಹೆಡ್ ಕ್ಲರ್ಕು. "ಒಂದಕ್ಷರ ಬದಲಾಯಿಸಿಲ್ಲ."

"ಅಯ್ಯೋ! ಸಾಕು ಸಾಕು!"

ಹೆಡ್ ಕ್ಲರ್ಕು ಬರೆದುಕೊಂಡ. ವೈದ್ಯರು ಹಿಂದೆ ಒಮ್ಮೆ 'ಸಾಕು' ಎಂದಾಗ ಒಂದು ಅಂಗಿ ಕಡ್ಡಾಯವಾಗಿತ್ತು. ಈಗ ತಮ್ಮ ಅಭಿಪ್ರಾಯವನ್ನು ಪರಿಷ್ಕರಿಸಿ, ಎರಡು ಸಲ ಹೇಳಿದ್ದರು. ತಿದ್ದುಪಡಿ ಹೊರಬಿತ್ತು: ಸಾಕು ಒಂದಕ್ಕೆ ಅಂಗಿ ಎರಡು, ಒಂದರ ಮೇಲೊಂದು. ವೈದ್ಯರು ಮೂರನೆಯ ಸಲ ಬಾಯಿ ತೆರೆಯುವುದರೊಳಗೆ ಪೊದೆ ನಾಯಿಯೊಂದರ ಯಜಮಾನ ಬಂದು ಅವರ ಕೈಹಿಡಿದುಕೊಂಡ. "ದಮ್ಮಯ್ಯ ಡಾಕ್ಟ್ರೇ, ಇನ್ನೇನೂ ಹೇಳಬೇಡಿ. ಎರಡಕ್ಕೇ ನಿಲ್ಲಲಿ." ವೈದ್ಯರು ಅಂದಿನಿಂದ ಮನುಷ್ಯರ ಜೊತೆ ಮಾತು ಬಿಟ್ಟರು.

ಮಾಲು ಮಂಜಿನ ಹಾಗೆ ಕರಗಿತು. ಗೋದಾಮಿನ ಮೂಲೆಯಲ್ಲಿ ಕೊನೆಗೆ ಉಳಿದದ್ದು ಎರಡೇ ಎರಡು ಅಂಗಿ. ಅವತ್ತು ಮಧ್ಯಾಹ್ನ ಸಾಹುಕಾರರು ಷರ್ಟು ಕಳಚಿ, ಗಲ್ಲಾದ ಹಿಂದೆ ಬೀಸಣಿಗೆ ಹಿಡಿದು ಹಾಯಾಗಿ ಕೂತಿದ್ದರು. ಚಳಿಗಾಲವೇನೋ ಹೌದು, ಆದರೆ ಲಾಭ ಬಂದವನಿಗೆ ಮೈ ಬೆಚ್ಚಗಿರುತ್ತದೆ. ಭಾವಮೈದುನನೂ ಇನ್‌ಸ್ಪೆಕ್ಟರೂ ಒಳಗೆ ಬಂದರು. ಇನ್‌ಸ್ಪೆಕ್ಟರು ಸಾಹುಕಾರರ ಎದೆಯನ್ನೇ ನೋಡುತ್ತ ನಿಂತ. ಅಲ್ಲಿಂದ ಹೊಟ್ಟೆಗೆ, ಹೊಟ್ಟೆಯಿಂದ ಭುಜಕ್ಕೆ, ಭುಜ ಸುತ್ತಿ ಬೆನ್ನಿಗೆ ಅವನ ಕಣ್ಣು ನಿಧಾನವಾಗಿ ಸಂಚರಿಸಿತು. ಎಲ್ಲಿಯೂ ಚರ್ಮ ಸಿಗಲಿಲ್ಲ.

"ಸಾರ್," ಎಂದ ಹೆಡ್ ಕ್ಲರ್ಕಿಗೆ, "ಮೈತುಂಬ ಇದೆ."

"ಏನಯ್ಯಾ ಅದು? ನಾನೇನು ನಾಯೀನಾ?" ಸಾಹುಕಾರರು ಎದ್ದು ನಿಂತರು.

"ಕೋಪ ಮಾಡ್ಕೋಬೇಡಿ ಭಾವ. ವ್ಯಾಖ್ಯೆಯಲ್ಲಿ ನಾಯಿ ಅನ್ನೋ ಪದವೇ ಇಲ್ಲ. ಇದ್ದಿದ್ರೆ ನಾನೇ ನಿಮ್ಮನ್ನ ಬಿಡಿಸ್ತಿದ್ದೆ."

"ನಾನು ನಿನ್ನ ಅಕ್ಕನ ಗಂಡ ಕಣೋ!"

"ಅದಕ್ಕೇ ದಂಡ ಹಾಕದೆ ಮೊದಲು ಹೇಳೋಕೆ ಬಂದೆ."

ಅಂಗಡಿಗೆ ಊಟ ತಂದಿದ್ದ ಹೆಂಡತಿಯ ದನಿ ಒಳಗಿನಿಂದ ಕೇಳಿಸಿತು. "ನಾನು ಮದುವೆಯಾದಾಗಿನಿಂದ ಸಾಕು ಸಾಕು ಅಂತಾನೇ ಇದ್ದೀನಿ ಕಣೋ. ಅದನ್ನೂ ಬರ್ಕೋ."

ಸಾಹುಕಾರರು ವಾದಕ್ಕೆ ಇಳಿಯುವ ಮೊದಲೇ ಲೆಕ್ಕ ಕಣ್ಣ ಮುಂದೆ ಬಂದು ನಿಂತಿತ್ತು. ತಾನು ಸಾಕು ಅಲ್ಲವೆಂದು ಸಾಧಿಸಿದರೆ ವ್ಯಾಖ್ಯೆ ತಪ್ಪು. ವ್ಯಾಖ್ಯೆ ತಪ್ಪಾದರೆ ಆದೇಶ ರದ್ದು. ಆದೇಶ ರದ್ದಾದರೆ ನಾಳೆ ಬೆಳಿಗ್ಗೆ ಬಾಗಿಲ ಮುಂದೆ ಊರಿಗೆ ಊರೇ, ಕೈಯಲ್ಲಿ ನಾಯಿ ನಾರುವ ಅಂಗಿ ಹಿಡಿದು, ದುಡ್ಡು ವಾಪಸು ಕೇಳುತ್ತ. ಒಂದು ಕಡೆ ಮಾನ, ಇನ್ನೊಂದು ಕಡೆ ಅಂಗಡಿ. ತಕ್ಕಡಿ ಹೆಚ್ಚು ಹೊತ್ತು ತೂಗಾಡಲಿಲ್ಲ.

"ಎರಡು ಅಂಗಿ ತಗೊಂಡು ಬನ್ನಿ ಮಾಸ್ತರ್ರೇ," ಎಂದರು.

ಹುಡುಗರ ಅಳತೆಯ ಅಂಗಿ ತಲೆಯ ಮೇಲಿಂದ ಇಳಿಯುವಾಗ ಎರಡು ಕಡೆ ಹರಿಯಿತು. ಕೈಗಳನ್ನು ಮುಂದಕ್ಕೆ ಚಾಚಿ ತೂತುಗಳಲ್ಲಿ ತೂರಿಸಿದರು. ಆ ಸ್ಥಿತಿಯಲ್ಲಿ ನೆಟ್ಟಗೆ ನಿಲ್ಲುವುದು ಕಷ್ಟ, ಸ್ವಲ್ಪ ಬಾಗಿದರೆ ಹಿತ. ಇನ್‌ಸ್ಪೆಕ್ಟರು ಬೆನ್ನ ಮೇಲೆ, ಧ್ಯೇಯವಾಕ್ಯದ ಕೆಳಗೆ ಮುದ್ರೆ ಒತ್ತಿದ.

"ಇನ್ನು ಬೇರೆ ಗಂಡಸರು?" ಎಂದು ಕೇಳಿದರು ಸಾಹುಕಾರರು ಬಾಗಿಕೊಂಡೇ.

"ಕಾನೂನು ಎಲ್ಲರಿಗೂ ಒಂದೇ ಭಾವ. ನಾಳೆಯಿಂದ ಬೀದಿ ಬೀದಿಯಲ್ಲಿ ಗುಂಡಿ ಬಿಚ್ಚಿಸಿ ತಪಾಸಣೆ."

ಸಾಹುಕಾರರು ಮಾಸ್ತರರ ಕಡೆ ತಿರುಗಿದರು. "ದೊಡ್ಡ ಅಳತೆಯಲ್ಲಿ ಐದು ಸಾವಿರ ಕತ್ತರಿಸಿ. ಕಾಗದ ಹೋದ ಸಲದ ಹಾಗೇ ಮಡಿಸಿ."

ಜನ ಬೇಗ ಹೊಂದಿಕೊಂಡರು. ಕೈಗಳು ಸದಾ ಮುಂದಿರುವುದರಿಂದ ಕಚೇರಿಯಲ್ಲಿ ಟೈಪು ಮಾಡುವುದಕ್ಕೂ ಸಂತೆಯಲ್ಲಿ ಚೀಲ ಹಿಡಿಯುವುದಕ್ಕೂ ಅನುಕೂಲವಾಯಿತೆಂದು ವರದಿಯಾಗಿದೆ. ಎದೆಯಲ್ಲಿ ಕೂದಲಿಲ್ಲದ ಗಂಡಸರು ತಮ್ಮನ್ನು ಸಾಕು ಎಂದು ಪರಿಗಣಿಸಬೇಕೆಂದು ಮನವಿ ಸಲ್ಲಿಸಿದ್ದಾರೆ. ಮುಖ್ಯೋಪಾಧ್ಯಾಯಿನಿಯವರು ಮತ್ತೆ ಪತ್ರ ಬರೆದು, ಮಕ್ಕಳು ದೊಡ್ಡವರಾದ ಮೇಲೆ ಕಷ್ಟಪಡಬಾರದು, ಈಗಿನಿಂದಲೇ ಅಭ್ಯಾಸವಾಗಲಿ ಎಂದು ಮೊದಲಿನ ನಮೂನೆಯ ಅಂಗಿಗಳನ್ನೇ ಕೇಳಿದ್ದಾರೆ.

ಚಳಿಗಾಲದ ಕೊನೆಗೆ ಸಾಹುಕಾರರು ಎರಡೂ ಕೈ ಮುಂದೆ ಚಾಚಿ ಕೂತು ಹಾಕಿದ ಲೆಕ್ಕ ಹೀಗಿದೆ: ಅಂಗಿಗಳು ಎಂಟು ಸಾವಿರದ ಇನ್ನೂರು, ಎಲ್ಲವೂ ಖರ್ಚು. ವಾಪಸು ಬಂದದ್ದು ಸೊನ್ನೆ. ಮಾಲೀಕರ ಸ್ವಂತ ಉಪಯೋಗಕ್ಕೆ ಎರಡು, ಪೂರ್ತಿ ಬೆಲೆಗೆ, ರಸೀದಿ ಸಮೇತ.