ಉದ್ದ ರಿವಾಲ್ವರೋ, ಗಿಡ್ಡ ರಿವಾಲ್ವರೋ

ನಮ್ಮ ಸೋದರಮಾವನ ಹೆಸರು ಪೊಲೀಸ್ ಠಾಣೆಯ ರಿಜಿಸ್ಟರಿನಲ್ಲಿದೆ. ಒಂದು ಸಲವಲ್ಲ, ಎಷ್ಟು ಚುನಾವಣೆಗಳು ಬಂದಿವೆಯೋ ಅಷ್ಟು ಸಲ! ಹೀಗೆಂದ ಕೂಡಲೇ ನೀವು ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಂಡಿರಿ ಎಂದು ನನಗೆ ಗೊತ್ತು. ಹೆದರಬೇಡಿ. ಜಯನಗರದ ತಮ್ಮ ಮನೆಯಲ್ಲಿ ಜಿರಳೆ ಕಂಡರೆ ಅದನ್ನು ಮೊರದ ಮೇಲೆ ಹತ್ತಿಸಿಕೊಂಡು, ಗೇಟಿನಾಚೆ ಇಳಿಸಿ, "ಹೋಗ್ಬಾಪ್ಪ" ಎಂದು ಕಳಿಸಿ ಬರುವ ಮನುಷ್ಯ ಅವರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಹೋದ ದೀಪಾವಳಿಯವರೆಗೆ ಮನೆಯಲ್ಲೊಂದು ರಿವಾಲ್ವರ್. ಅವರ ಗುಂಡಿಗೆ ಈವರೆಗೆ ಒಂದು ಸೊಳ್ಳೆಯೂ ಸತ್ತಿಲ್ಲ. ಅಭ್ಯಾಸಕ್ಕೆಂದು ಹೋದಾಗ ರಟ್ಟಿನ ಗುರಿಗೂ ಅಂಥ ದೊಡ್ಡ ಗಾಯವೇನೂ ಆಗಿಲ್ಲವಂತೆ.

ಹಾಗಾದರೆ ರಿವಾಲ್ವರ್ ಯಾಕೆ? ಕೊಂಡುಕೊಳ್ಳುವುದಕ್ಕೆ! ಬೇರೆಯವರಿಗೆ ಸೀರೆ, ಪೆನ್ನು, ಹಳೇ ಗಡಿಯಾರ ಇದ್ದಂತೆ ಮಾವನಿಗೆ ಇದು. ಆದರೆ ಅತ್ತೆಯದೊಂದು ಕಾನೂನಿತ್ತು: ಮನೆಯಲ್ಲಿ ಒಂದು ಸಲಕ್ಕೆ ಒಂದೇ. ಹೊಸದು ಬರಬೇಕಾದರೆ ಹಳೆಯದು ಹೊರಡಬೇಕು. ಹೀಗಾಗಿ ಮಾವ ಈವರೆಗೆ ಮೂರು ಕೊಂಡಿದ್ದಾರೆ, ಮೂರನ್ನೂ ಮಾರಿದ್ದಾರೆ. ಕೊಂಡ ಕತೆಗಳನ್ನು ಮಾತ್ರ ಒಂದನ್ನೂ ಬಿಟ್ಟುಕೊಟ್ಟಿಲ್ಲ.

ಮೊದಲನೆಯದು ಕೊಬ್ಬರಿ ವ್ಯಾಪಾರದ ಕಾಲದ್ದು. ಊರೂರು ಸುತ್ತಿ ವಸೂಲಿ ಮಾಡಿಕೊಂಡು ಬರಬೇಕು, ದಾರಿಯಲ್ಲಿ ರಕ್ಷಣೆ ಬೇಡವೇ ಎಂದು ಲೈಸೆನ್ಸ್ ಮಾಡಿಸಿದರು. ಕೊನೆಗೊಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಅವರ ಕೈಯಲ್ಲಿದ್ದ ಚೀಲ ಕಿತ್ತುಕೊಂಡು ಓಡಿಯೇಬಿಟ್ಟ. ರಿವಾಲ್ವರ್ ಎಲ್ಲಿತ್ತು? ಮನೆಯ ಬೀರುವಿನಲ್ಲಿ! ಅಂಥ ಬೆಲೆಬಾಳುವ ವಸ್ತುವನ್ನು ಕಳ್ಳಕಾಕರು ಓಡಾಡುವ ಕಡೆಗೆ ಯಾರಾದರೂ ಒಯ್ಯುತ್ತಾರೆಯೇ ಎಂದು ಮಾವ ನಮ್ಮನ್ನೇ ಕೇಳುತ್ತಿದ್ದರು. ಚೀಲದಲ್ಲಿ ಇದ್ದದ್ದು ಚಿತ್ರಾನ್ನದ ಡಬ್ಬಿ ಎಂಬುದಷ್ಟೇ ಸಮಾಧಾನ.

ಎರಡನೆಯದು ಬ್ರಿಟಿಷರ ಕಾಲದ್ದು. ಒನಕೆಯಷ್ಟು ಭಾರ. ಅದನ್ನು ಕೊಂಡ ವರ್ಷವೇ ಚುನಾವಣೆ ಬಂತು. ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಇದ್ದವರು ಆಯುಧವನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕಲ್ಲ, ಮಾವ ಅದನ್ನು ಮಂಕಿ ಕ್ಯಾಪಿನಲ್ಲಿ ಸುತ್ತಿ, ಹಾಸ್ಟೆಲಿಗೆ ಮಗಳನ್ನು ಬಿಡುವವರಂತೆ ಬಿಟ್ಟು ಬಂದರು. ಮರುದಿನದಿಂದ ನೋಡಲು ಹೋಗತೊಡಗಿದರು. ಕೋಣೆಯಲ್ಲಿ ತೇವ ಇದೆಯಾ, ಪಕ್ಕದಲ್ಲಿ ಯಾರ ಬಂದೂಕು ಇಟ್ಟಿದ್ದೀರಿ, ಒಂದಿಷ್ಟು ಎಣ್ಣೆ ಸವರಿ ಹೋಗಲಾ? ಪೊಲೀಸರು ಮೊದಲು ಬೈದರು, ಆಮೇಲೆ ಕುರ್ಚಿ ಕೊಟ್ಟರು, ಫಲಿತಾಂಶ ಬರುವ ಹೊತ್ತಿಗೆ ಜೊತೆಯಲ್ಲಿ ಕೂರಿಸಿಕೊಂಡು ಇಡ್ಲಿ ತಿನ್ನುತ್ತಿದ್ದರು. ಯಾರು ಗೆದ್ದರು ಎಂದು ಮಾವನಿಗೆ ಇವತ್ತಿಗೂ ನೆನಪಿಲ್ಲ.

ಮೂರನೆಯದಕ್ಕೆ ಅತ್ತೆಯ ಕೈಗುಣ ತಗುಲಿತು. ಆಯುಧಪೂಜೆಯ ದಿನ ಮಿಕ್ಸಿ, ಸ್ಕೂಟರು, ಈಳಿಗೆಮಣೆಗಳ ಸಾಲಿನಲ್ಲಿ ಅದನ್ನೂ ಕೂರಿಸಿ ಧಾರಾಳವಾಗಿ ಅರಿಶಿನ ಕುಂಕುಮ ಹಾಕಿದರು. ಮುಂದಿನ ತಿಂಗಳು ಅಭ್ಯಾಸಕ್ಕೆ ಹೋದರೆ ಗುಂಡು ತುಂಬುವ ಚಕ್ರ ತಿರುಗಲೊಲ್ಲದು. ಮಾವ ಮನೆಗೆ ಬಂದು ಕೂಗಾಡಿದ್ದಕ್ಕೆ ಅತ್ತೆ ತಣ್ಣಗೆ, "ಮಿಕ್ಸಿಗೂ ಅಷ್ಟೇ ಹಾಕಿದ್ದೆ ಕಣ್ರೀ. ಅದು ತಿರುಗ್ತಾ ಇಲ್ವಾ?" ಎಂದರು.

ಆ ಮೂರನೆಯದನ್ನು ಹೋದ ದೀಪಾವಳಿಯ ಹೊತ್ತಿಗೆ ಪೇಟೆಯ ಬಂದೂಕಿನ ಅಂಗಡಿಗೆ ಮಾರಿದರು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ. ನಾಲ್ಕನೆಯದು ಯಾವುದು? ಅಂಗಡಿಯಲ್ಲಿ ಎರಡು ಹಳೇ ರಿವಾಲ್ವರುಗಳು ಮಾವನ ಕಣ್ಣಿಗೆ ಬಿದ್ದಿದ್ದವು. ಒಂದು ಉದ್ದ ನಳಿಗೆಯದು, ಬೀಟೆ ಮರದ ಹಿಡಿ. ಇನ್ನೊಂದು ಗಿಡ್ಡದು, ನೀಲಿ ಬೆರೆತ ಕಪ್ಪು. ಪ್ರತಿ ಶನಿವಾರ ಜೆ.ಪಿ. ನಗರದಿಂದ ನಾನು ಬರಬೇಕು, ಮಾವನನ್ನು ಮೆಟ್ರೊ ಹತ್ತಿಸಬೇಕು, ಅಂಗಡಿಯಲ್ಲಿ ಎರಡು ಗಂಟೆ ಕೂರಬೇಕು. ಅಂಗಡಿಯವರಿಗೆಂದು ಅತ್ತೆ ಕೋಡುಬಳೆ ಡಬ್ಬಿ ಬೇರೆ ಕೊಡುತ್ತಿದ್ದರು. ಬೆಲೆ ಇಳಿಸಲು ಲಂಚವಿರಬೇಕು ಎಂದುಕೊಂಡಿದ್ದೆ.

ಅಂಗಡಿಯ ಯಜಮಾನರು ಮಾವನಷ್ಟೇ ವಯಸ್ಸಾದವರು. ಹಳದಿ ಬಟ್ಟೆ ಹಾಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಕೈಕಟ್ಟಿ ನಿಲ್ಲುವರು. ಮಾವ ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ನೋಡುತ್ತ ನಿಲ್ಲುವರು. ಮುಟ್ಟುತ್ತಿರಲಿಲ್ಲ. ಎತ್ತಿ ನೋಡಿ ಎಂದರೆ, ಆಯುಧವನ್ನು ಕೈಯಲ್ಲಿ ಆರಿಸುವವನು ದಡ್ಡ, ತಿಳಿದವನು ಕಣ್ಣಲ್ಲೇ ಆರಿಸುತ್ತಾನೆ ಎಂದು ನನಗೇ ಪಾಠ. ಆಮೇಲೆ ಒಂದನೆಯದರ ಕತೆ, ಎರಡನೆಯದರ ಕತೆ, ಮೂರನೆಯದರ ಕತೆ. ಯಜಮಾನರು ಪ್ರತಿ ಸಲವೂ ಚಿತ್ರಾನ್ನದ ಹತ್ತಿರ ಬಂದಾಗ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ದೇವರನ್ನೂ ಕೇಳಿದ್ದಾಯಿತು. ಸುಬ್ರಹ್ಮಣ್ಯಪುರದ ಕಡೆಯ ಒಂದು ವೀರಭದ್ರನ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವ ಪದ್ಧತಿಯಿದೆ. ಬಲಗಡೆ ಹೂ ಬಿದ್ದರೆ ಉದ್ದದ್ದು, ಎಡಗಡೆ ಬಿದ್ದರೆ ಗಿಡ್ಡದ್ದು ಎಂದು ಮಾವ ಕೈಮುಗಿದು ಕೂತರು. ಗಂಡು ಯಾವ ಊರಿನವರು ಎಂದು ಅರ್ಚಕರು ವಿಚಾರಿಸಿದರು ಪಾಪ, ಸಂಬಂಧದ ವಿಷಯವೆಂದುಕೊಂಡು! ಹೂ ಬಲಗಡೆಯೇ ಬಿತ್ತು. ಸದ್ಯ, ಮುಗಿಯಿತು ಎಂದು ನಾನು ಉಸಿರುಬಿಟ್ಟೆ. ಮಾವ ತಲೆಯೆತ್ತಿ ಫ್ಯಾನು ನೋಡಿ, ಇದು ಗಾಳಿಗೆ ಬಿದ್ದ ಹೂವು, ಲೆಕ್ಕಕ್ಕಿಲ್ಲ ಎಂದುಬಿಟ್ಟರು. ಮನೆಯಲ್ಲಿ ದೇವರ ಮುಂದೆ ಚೀಟಿ ಹಾಕಿದಾಗಲೂ ಉದ್ದದ್ದೇ ಬಂತು. ಆ ಚೀಟಿ ದಪ್ಪಗೆ ಮಡಚಿಕೊಂಡಿತ್ತಂತೆ.

ನಾಲ್ಕು ತಿಂಗಳು ಹೀಗೇ ಕಳೆಯಿತು. ನನಗೂ ಒಂದು ಬಾಳುವೆ ಇದೆ, ತೊಳೆಯದ ಬಟ್ಟೆಗಳಿವೆ, ಕೆಲಸ ಮಾಡುವ ನನಗೆ ವಾರಕ್ಕೆ ಎರಡೇ ರಜೆ. ಹೋದ ಶನಿವಾರ ನನ್ನ ತಾಳ್ಮೆ ಕೆಟ್ಟಿತು. ಇವತ್ತು ಒಂದನ್ನು ಆರಿಸಿಯೇ ಹೊರಡುವುದು, ಇಲ್ಲದಿದ್ದರೆ ಮುಂದಿನ ವಾರದಿಂದ ನಾನು ಬರುವುದಿಲ್ಲ ಎಂದು ಅಂಗಡಿಯಲ್ಲೇ ಹಟ ಹಿಡಿದೆ.

"ಮಾವ, ಕಣ್ಣಲ್ಲಿ ನೋಡಿದ್ದು ಸಾಕು. ಕೈಗೆ ತಗೊಳ್ಳಿ. ಯಾವುದು ಕೈಗೆ ಕೂರುತ್ತೋ ಅದೇ ಫೈನಲ್."

ಮಾವ ನನ್ನನ್ನು ನೋಡಿದರು, ಯಜಮಾನರನ್ನು ನೋಡಿದರು. ಜೇಬಿನಿಂದ ಬಲಗೈ ತೆಗೆದು ಮುಂದೆ ಚಾಚಿದರು. ಕೈ ನಡುಗುತ್ತಿತ್ತು. ಅಲ್ಪಸ್ವಲ್ಪವಲ್ಲ, ಗಡಿಯಾರದ ಪಟ್ಟಿಯೂ ಅಲುಗುವಷ್ಟು. ಉದ್ದದ್ದರ ಹಿಡಿಯನ್ನು ಬೆರಳುಗಳು ಮುಟ್ಟಿದವು, ಹಿಡಿಯಲಾಗಲಿಲ್ಲ. ಬಾಯಾರಿಕೆ ಎಂದು ಗೊಣಗಿ ಮಾವ ಒಳಗಿನ ನೀರಿನ ಕ್ಯಾನಿನ ಕಡೆ ಹೋದರು.

ಯಜಮಾನರು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು. "ಲೈಸೆನ್ಸ್ ಇಲ್ಲಮ್ಮ ಅವರತ್ರ. ದೀಪಾವಳಿ ಟೈಮಲ್ಲೇ ವಾಪಸ್ ಕೊಟ್ಬಿಟ್ರು. ಕೈ ನಡುಗೋನ ಹತ್ರ ಇದು ಇರ್ಬಾರ್ದು ಅಂತ ಅವರೇ ಬಂದು ನನ್ ಕೈಲಿ ಅರ್ಜಿ ಬರೆಸಿದ್ರು. ನಿಮ್ಮತ್ತೆನೂ ಬಂದಿದ್ರು ಜೊತೇಲಿ."

"ಮತ್ತೆ ಇವೆರಡು?"

"ಯಾರಿಗೂ ಮಾರಿಲ್ಲ, ಇಟ್ಕೊಂಡಿದೀನಿ. ಆರಿಸೋಕಾದ್ರೂ ಬರ್ಲಿ ಅಂತ."

ಕೋಡುಬಳೆ ಡಬ್ಬಿ ಕೌಂಟರಿನ ಮೇಲೆ ಇತ್ತು. ನನಗೆ ಅದನ್ನು ನೋಡಲಾಗಲಿಲ್ಲ. ನನ್ನ ಮಾತನ್ನು ನಾನೇ ನುಂಗಿಕೊಳ್ಳುವಂತಿದ್ದರೆ ಎನಿಸಿತು. ನಾಲ್ಕು ತಿಂಗಳಿಂದ ಈ ಮನುಷ್ಯ ದೇವರ ತೀರ್ಪನ್ನೂ ಒಪ್ಪದೆ ಜತನದಿಂದ ಉಳಿಸಿಕೊಂಡು ಬಂದದ್ದನ್ನು ನಾನು ಒಂದು ಗಳಿಗೆಯಲ್ಲಿ ಮುಗಿಸಲು ಹೊರಟಿದ್ದೆ.

ಮಾವ ಬಾಯಿ ಒರೆಸಿಕೊಂಡು ಬಂದರು. ಕೈ ಮತ್ತೆ ಜೇಬು ಸೇರಿತ್ತು. ಮುಖ ಸೋತಿತ್ತು.

"ಪುಟ್ಟಿ, ನೀನು ಹೇಳೋದು ಸರಿ ಕಣೆ. ಇವತ್ತು ಮುಗಿಸಿಬಿಡೋಣ. ಎರಡೂ ಬೇಡ ಅಂತ..."

"ತಾಳಿ ಮಾವ, ನಂಗೇ ಈಗ ಡೌಟ್ ಬರ್ತಿದೆ. ಉದ್ದದ್ದರ ಹಿಡಿ ಚೆನ್ನಾಗಿದೆ, ಆದ್ರೆ ಗಿಡ್ಡದ್ದರ ಬಣ್ಣ ನೋಡಿ. ಅವಸರ ಮಾಡಿದ್ರೆ ಆಮೇಲೆ ಕೊರಗ್ಬೇಕಾಗುತ್ತೆ. ಮುಂದಿನ ವಾರ ಇನ್ನೊಂದ್ಸಲ ನೋಡೋಣ."

ಮಾವ ಒಂದು ಕ್ಷಣ ನನ್ನನ್ನೇ ದಿಟ್ಟಿಸಿದರು. ಅವರಿಗೆ ತಿಳಿಯಿತೋ ಇಲ್ಲವೋ, ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನೋಡಿ, ಈಗ ಈ ಹುಡುಗಿಗೆ ವಿದ್ಯೆ ಹತ್ತಿತು ಎಂದು ಯಜಮಾನರಿಗೆ ಹೇಳಿದರು. ಯಜಮಾನರು ಎರಡನ್ನೂ ಹಳದಿ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು ಬೀಗ ಹಾಕಿದರು.

ಮೆಟ್ಟಿಲು ಇಳಿಯುವಾಗ ನಾನು ಅವರ ಬಲಗೈ ಹಿಡಿದುಕೊಂಡೆ. ಅದರ ನಡುಕ ನನ್ನ ಮೊಣಕೈವರೆಗೂ ಬರುತ್ತಿತ್ತು.

"ಶನಿವಾರ ಎಷ್ಟೊತ್ತಿಗೆ ಬರ್ಲಿ ಮಾವ?"

"ಹತ್ತಕ್ಕೆಲ್ಲ ಬಂದ್ಬಿಡು. ಲೇಟ್ ಮಾಡ್ಬೇಡ, ಯಾರಾದ್ರೂ ತಗೊಂಡು ಹೋಗ್ಬಿಟ್ರೆ?"